ವರದಿ ಬಂತು, ಆಮೇಲೆ?

ಕೇರಳ ಸರಕಾರದ ಮುಖ್ಯ ಕಾರ್ಯದರ್ಶಿಗಳಿಗೆ ಮತ್ತು ಕಾಸರಗೋಡಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಪತ್ರ ಕನ್ನಡದಲ್ಲಿದೆ ಎಂದು ತರ್ಜುಮೆಗೆ ಕಳುಹಿಸಿ ಅಲ್ಲೇ ಮರೆತುಬಿಡಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸಚಿವಾಲಯಕ್ಕೂ ಇಲಾಖೆಗಳ ಮುಖ್ಯಸ್ಥರಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಕೇಳಬಹುದು. ಕೇಳುತ್ತಿದ್ದೇನೆ.

ಎಂಡೋಸಲ್ಫಾನ್ ಎಂಬ ಕೀಟನಾಶಕ ಮದ್ದಿನ ಬಗ್ಗೆ ಬರೆಯುವುದೆಂದರೆ ಈಗ ಓದುವವರಿಗೂ ಸುಸ್ತು, ಬರೆಯುವವರಿಗೂ ಸುಸ್ತು. ಮಕ್ಕಳ ಫೋಟೊ, ಧರಣಿ, ಕೋರ್ಟಿನ ತೀರ್ಪು, ಮತ್ತೆ ಧರಣಿ. ಪರಿಹಾರದ ಮಾತನ್ನು ನನಗಿಂತ ಚೆನ್ನಾಗಿ ಆಡಬಲ್ಲ ತಾಯಂದಿರು ನಿಮ್ಮ ಕಲೆಕ್ಟರೇಟಿನ ಎದುರು ಕೂತು ಆಡಿದ್ದಾರೆ. ನನ್ನ ಪ್ರಶ್ನೆ ಅದರ ಪಕ್ಕದ್ದು. ಈ ಒಂದು ಮದ್ದಿನ ಬಗ್ಗೆ ಸರಕಾರಗಳು ಎಷ್ಟೊಂದು ತಜ್ಞರನ್ನು ಕೇಳಿದವು! ಅವರು ಹೇಳಿದ್ದನ್ನು ಎದುರಿಗಿಟ್ಟುಕೊಂಡು ನಿಮ್ಮ ಕುರ್ಚಿಗಳಲ್ಲಿ ಕೂತವರು ಏನು ಮಾಡಿದರು? ಯಾವ ವರದಿಯನ್ನು ಒಪ್ಪಿದರು, ಯಾವುದನ್ನು ಬದಿಗೆ ಸರಿಸಿದರು, ಯಾಕೆ?

1991ರಲ್ಲಿ ಕೇಂದ್ರ ಸರಕಾರದ ಬ್ಯಾನರ್ಜಿ ಸಮಿತಿ ಎಂಡೋಸಲ್ಫಾನನ್ನು ಬಳಸಬಹುದು, ಆದರೆ ನದಿ, ಕೆರೆ, ಕೊಳಗಳ ಹತ್ತಿರ ಬೇಡ ಎಂದಿತು. 1999ರಲ್ಲಿ ಆರ್.ಬಿ. ಸಿಂಗ್ ಸಮಿತಿ ಮತ್ತೊಮ್ಮೆ ನೋಡಿತು. ಇತ್ತ ಕಾಸರಗೋಡಿನಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಸುಮಾರು 4,600 ಹೆಕ್ಟೇರು ಗೇರು ತೋಟದ ಮೇಲೆ, ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲಿಕ್ಕೆಂದು, 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನವರೆಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಡುತ್ತಲೇ ಇದ್ದರು. ನೀರಿನ ಹತ್ತಿರ ಬೇಡ ಎಂಬ ತಜ್ಞರ ಮಾತು ದೆಹಲಿಯ ಕಡತದಲ್ಲಿತ್ತು, ಹೆಲಿಕಾಪ್ಟರು ನಮ್ಮ ತಲೆಯ ಮೇಲಿತ್ತು. ಎರಡನ್ನೂ ಒಟ್ಟಿಗಿಟ್ಟು ನೋಡುವ ಕೆಲಸ ಯಾವ ಅಧಿಕಾರಿಯದ್ದೂ ಆಗಿರಲಿಲ್ಲ.

ನೋಡಿದ್ದರೆ ಏನು ಕಾಣುತ್ತಿತ್ತು? ನಮ್ಮ ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರಿನ ನೆಲ ಹೇಗಿದೆ ಎಂದು ಸ್ವಲ್ಪ ಹೇಳಬೇಕು. ಗುಡ್ಡೆಯ ತಲೆಯಲ್ಲಿ ಗೇರು. ಇಳಿಜಾರಿನಲ್ಲಿ ಮನೆ. ಕೆಳಗೆ ಅಡಿಕೆ ತೋಟ, ಅದರ ಕೆಳಗೆ ತೋಡು. ಕುಡಿಯುವ ನೀರು ಸುರಂಗದ್ದು. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಮಣ್ಣು ಕೊರೆದುಕೊಂಡು ಹೋದರೆ ಎಲ್ಲೋ ಒಂದು ಕಡೆ ಒರತೆ ಸಿಗುತ್ತದೆ. ಅಲ್ಲಿಂದ ನೀರು ತಾನಾಗಿ ಹರಿದು ಅಂಗಳದ ಟಾಂಕಿಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಗುಡ್ಡೆಯ ಮೇಲೆ ಬಿದ್ದ ಮಳೆಯೇ ಆ ನೀರು. ಆಕಾಶದಿಂದ ಮದ್ದು ಬಿಡುವಾಗ ಮರದ ತಲೆಯಿಂದ ಎರಡು ಮೂರು ಮೀಟರಿಗಿಂತ ಎತ್ತರಕ್ಕೆ ಹಾರಬಾರದು, ನೀರಿನ ಮೂಲಗಳನ್ನು ಮುಚ್ಚಿಡಬೇಕು ಎಂದು ಸೂಚನೆ ಇತ್ತು. ಬಾವಿಗಾದರೆ ಸೋಗೆ ಮುಚ್ಚಬಹುದು. ಗುಡ್ಡೆಗೆ ಏನನ್ನು ಮುಚ್ಚುವುದು? ಏರಿಳಿಯುವ ಗುಡ್ಡೆಗಳ ಮೇಲೆ ಎರಡು ಮೀಟರು ಎತ್ತರ ಹಿಡಿದು ಹಾರುವುದು ಹೇಗೆ? ಸೂಚನೆ ಬರೆದವರು ಪಡ್ರೆಯನ್ನು ಕಂಡಿರಲಿಕ್ಕಿಲ್ಲ. ಅವರ ತಪ್ಪಲ್ಲ ಬಿಡಿ. ಪಡ್ರೆಯಲ್ಲಿ ಆ ಸೂಚನೆ ನಡೆಯುವುದಿಲ್ಲ ಎಂದು ಅವರಿಗೆ ಬರೆಯಬೇಕಾಗಿದ್ದವರು ಇಲ್ಲಿನ ಅಧಿಕಾರಿಗಳು.

ಊರಿನವರು ಹೇಳದೆ ಕೂತಿರಲಿಲ್ಲ. ಕರುಗಳು ಅಂಗ ಊನವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ವಾಣೀನಗರದಲ್ಲಿ ಚಿಕಿತ್ಸಾಲಯ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಇಷ್ಟು ಸಣ್ಣ ಊರಿನಲ್ಲಿ ಇಷ್ಟು ನರದ ಕಾಯಿಲೆ, ಇಷ್ಟು ಕ್ಯಾನ್ಸರ್ ಯಾಕೆ ಎಂದು ತಮ್ಮ ರೋಗಿಗಳ ಲೆಕ್ಕ ಇಟ್ಟು ಕೇಳಿದರು. ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಅವರು ಯಾರು? ನಿಮ್ಮದೇ ಕೃಷಿ ಇಲಾಖೆಯ ನೌಕರೆ. ಸರಕಾರದ ಕೃಷಿ ಸಹಾಯಕಿಯೊಬ್ಬರಿಗೆ ಕೃಷಿಯ ಮದ್ದಿನ ಬಗ್ಗೆ ಸರಕಾರಕ್ಕೆ ಒಂದು ಮಾತು ಹೇಳಬೇಕಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು ಎಂದರೆ, ಇಲಾಖೆಯ ಒಳಗೆ ಕೆಳಗಿನಿಂದ ಮೇಲಕ್ಕೆ ಮಾತು ಹೋಗುವ ದಾರಿಯೇ ಇರಲಿಲ್ಲ ಎಂದಾಯಿತು. ಇವತ್ತು ಇದೆಯೇ? ಒಬ್ಬ ಆಶಾ ಕಾರ್ಯಕರ್ತೆಗೆ, ಒಬ್ಬ ದನದ ಡಾಕ್ಟರಿಗೆ, ಕೃಷಿಭವನದ ಒಬ್ಬ ಸಹಾಯಕನಿಗೆ ಏನೋ ಸರಿಯಿಲ್ಲ ಎಂದು ಕಂಡರೆ ಅದು ಎಲ್ಲಿ ದಾಖಲಾಗುತ್ತದೆ, ಯಾರು ಉತ್ತರ ಕೊಡುತ್ತಾರೆ?

2001ರಿಂದ ವರದಿಗಳ ಮಳೆ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ರಕ್ತವನ್ನು ಪರೀಕ್ಷಿಸಿ ಭಾರೀ ಪ್ರಮಾಣದ ಎಂಡೋಸಲ್ಫಾನ್ ಇದೆ ಎಂದಿತು. ಕಾರ್ಪೊರೇಷನ್ ತಾನೇ ದುಡ್ಡು ಕೊಟ್ಟು ಚೆನ್ನೈ ಹತ್ತಿರದ ಒಂದು ಸಂಸ್ಥೆಯಿಂದ ಪರೀಕ್ಷೆ ಮಾಡಿಸಿತು. ಅಲ್ಲಿಂದ ಗಾಬರಿ ಬೇಡ ಎನ್ನುವ ಧಾಟಿಯ ವರದಿ ಬಂತು. ರಾಜ್ಯ ಸರಕಾರದ ಅಚ್ಯುತನ್ ಸಮಿತಿ, ಆಕಾಶದಿಂದ ಮದ್ದು ಬಿಡುವುದನ್ನು ನಿಲ್ಲಿಸಿ ಎಂದಿತು. ಕೇಂದ್ರದ ಕೃಷಿ ಇಲಾಖೆಯ ಕಡೆಯಿಂದ ದುಬೆ ಸಮಿತಿ, ಆಮೇಲೆ ಮಾಯೀ ಸಮಿತಿ ಬಂದವು. ಮದ್ದಿಗೂ ಕಾಯಿಲೆಗಳಿಗೂ ನಂಟು ಕಾಣುವುದಿಲ್ಲ ಎಂದವು. ಈ ನಡುವೆ ಕೇರಳ ಸರಕಾರ 2001ರ ಆಗಸ್ಟಿನಲ್ಲಿ ಮದ್ದನ್ನು ನಿಲ್ಲಿಸಿತು, 2002ರಲ್ಲಿ ಸಡಿಲಿಸಿತು, ಅದೇ ವರ್ಷ ಹೈಕೋರ್ಟು ಮತ್ತೆ ತಡೆಯಿತು.

ನಮ್ಮ ಕಡೆ ಹುಡುಗಿ ಮೊದಲೇ ಮನಸ್ಸಿಗೆ ಬಂದುಬಿಟ್ಟರೆ ಜಾತಕ ಕೂಡಿಬರುವ ತನಕ ಜೋಯಿಸರನ್ನು ಬದಲಾಯಿಸುವವರಿದ್ದಾರೆ. ಸಮಿತಿಗಳ ಈ ಸಾಲನ್ನು ನೋಡಿದಾಗ ನನಗೆ ಅದೇ ಗುಮಾನಿ. ಗುಮಾನಿ ತಪ್ಪಿರಬಹುದು. ತಪ್ಪು ಎಂದು ತೋರಿಸಲಿಕ್ಕೆ ನಿಮ್ಮ ಬಳಿ ಒಂದು ಕಾಗದ ಬೇಕು: ಇಂಥ ವರದಿ ಇರುವಾಗ ಇನ್ನೊಂದು ಸಮಿತಿ ಯಾಕೆ ಬೇಕಾಯಿತು, ಹಳೆಯದರಲ್ಲಿ ಯಾವ ದೋಷ ಕಂಡಿತು ಎಂದು ಯಾರೋ ಒಬ್ಬ ಅಧಿಕಾರಿ ಸಹಿ ಹಾಕಿ ಬರೆದ ಕಾಗದ.

ಈ ಎಲ್ಲದರ ನಡುವೆ ಒಂದು ವರದಿಯ ಬಗ್ಗೆ ನಿಧಾನವಾಗಿ ಹೇಳಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎಚ್ಚೆತ್ತ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಇಲ್ಲಿಗೆ ಬಂದರು. ಅವರು ಮಾಡಿದ್ದು ಸರಳ, ಆದರೆ ಅಷ್ಟರವರೆಗೆ ಯಾರೂ ಸರಿಯಾಗಿ ಮಾಡದೆ ಇದ್ದದ್ದು: ಹೋಲಿಕೆ. ಒಂದು ಕಡೆ ಮದ್ದು ಬಿದ್ದ ಪಡ್ರೆ. ಇನ್ನೊಂದು ಕಡೆ ಸುಮಾರು ಇಪ್ಪತ್ತು ಕಿಲೋಮೀಟರು ದೂರದ, ಹೆಲಿಕಾಪ್ಟರು ಬಾರದ ಮೀಂಜ. ಅದೇ ಮಳೆ, ಹೆಚ್ಚುಕಡಿಮೆ ಅದೇ ಊಟ, ಅದೇ ಬಗೆಯ ಬದುಕು. ಎರಡೂ ಕಡೆಯ ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಕೊನೆಯ ಸಲ ಮದ್ದು ಬಿಟ್ಟು ಹತ್ತಿರ ಹತ್ತಿರ ಹತ್ತು ತಿಂಗಳು ಕಳೆದ ಮೇಲೆ ತೆಗೆದ ರಕ್ತದಲ್ಲೂ ಪಡ್ರೆಯ ಮಕ್ಕಳಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಕಲಿಕೆಯ ತೊಂದರೆ, ಹುಟ್ಟಿನಿಂದ ಬಂದ ಊನ ಇಲ್ಲಿ ಹೆಚ್ಚು ಕಂಡವು. ಹತ್ತರಿಂದ ಹತ್ತೊಂಬತ್ತು ವರ್ಷದ ಹುಡುಗರಲ್ಲಿ, ಮದ್ದು ಬಿದ್ದ ಕಡೆಯ 117 ಮಂದಿ ಮತ್ತು ಬೀಳದ ಕಡೆಯ 90 ಮಂದಿಯನ್ನು ಹೋಲಿಸಿ, ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆ ಅಧ್ಯಯನದ ಬಗ್ಗೆ ಆಕ್ಷೇಪಗಳೂ ಬಂದವು. ಬರಲಿ. ವಿಜ್ಞಾನದಲ್ಲಿ ಅದು ಇದ್ದದ್ದೇ. ಇವತ್ತಿಗೂ ಯಾವ ಕಾಯಿಲೆಗೆ ಎಂಡೋಸಲ್ಫಾನ್ ಎಷ್ಟು ಕಾರಣ ಎಂಬುದರಲ್ಲಿ ವಿಜ್ಞಾನಿಗಳೊಳಗೆ ಒಂದೇ ಮಾತಿಲ್ಲ. ಊರಿನಲ್ಲಿ ಕಂಡ ಪ್ರತಿಯೊಂದು ಕಾಯಿಲೆಯನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಭಿನ್ನಾಭಿಪ್ರಾಯವನ್ನು ಅಧಿಕಾರಿಗಳು ಬಳಸಿದ ರೀತಿ ನೋಡಿ. ‘ಸಾಬೀತಾಗಿಲ್ಲ’ ಎಂದು ಒಂದು ಸಮಿತಿ ಬರೆದರೆ ಅದು ಕಡತದಲ್ಲಿ ಎರಡು ಮೇಜು ದಾಟುವಷ್ಟರಲ್ಲಿ ‘ತೊಂದರೆ ಇಲ್ಲ’ ಎಂದಾಗುತ್ತದೆ. ಹುಡುಕಿ ಸಿಗದೆ ಇರುವುದು ಬೇರೆ, ಹುಡುಕುವ ಸಾಧನವೇ ಇಲ್ಲದಿರುವುದು ಬೇರೆ. ಹೆಲಿಕಾಪ್ಟರು ಹಾರುವ ಮೊದಲು ಈ ಊರುಗಳಲ್ಲಿ ಎಷ್ಟು ಮಕ್ಕಳು ಊನವಾಗಿ ಹುಟ್ಟುತ್ತಿದ್ದರು ಎಂದು ಯಾರಾದರೂ ಲೆಕ್ಕ ಇಟ್ಟಿದ್ದರೇ? ಮದ್ದು ಬಿಟ್ಟದ್ದು ಸರಕಾರದ ಕಾರ್ಪೊರೇಷನ್, ಮದ್ದನ್ನು ತಯಾರಿಸುತ್ತಿದ್ದವರಲ್ಲಿ ಕೊಚ್ಚಿಯ ಏಲೂರಿನ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಒಂದು, ಅದೂ ಸರಕಾರದ್ದೇ. ಲೆಕ್ಕ ಇಡಬೇಕಾಗಿದ್ದ ಆರೋಗ್ಯ ಇಲಾಖೆ ಸರಕಾರದ್ದು. ಲೆಕ್ಕ ಇಲ್ಲದಿರುವುದರ ಲಾಭ ಕೊನೆಗೆ ಯಾರಿಗೆ ಹೋಯಿತು?

ಮಾಯೀ ಸಮಿತಿಯ ಕಥೆಯಂತೂ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಂಟು ಇಲ್ಲ, ಆದರೆ ಕೇರಳದಲ್ಲಿ ಬಳಕೆ ಬೇಡ. 2005ರಲ್ಲಿ ಕೇಂದ್ರ ಸರಕಾರ ಕೇರಳಕ್ಕೆ ಮಾತ್ರ ನಿಷೇಧ ಹಾಕಿತು. ನಂಟು ಇಲ್ಲದಿದ್ದರೆ ಕೇರಳದಲ್ಲಿ ನಿಷೇಧ ಯಾಕೆ? ಇದ್ದರೆ ಕರ್ನಾಟಕದಲ್ಲಿ ಯಾಕಿಲ್ಲ? ಪೆರ್ಲದಿಂದ ವಿಟ್ಲಕ್ಕೆ ಹೋಗುವ ದಾರಿಯಲ್ಲಿ ಸಾರಡ್ಕ ಗೇಟು ಸಿಗುತ್ತದೆ. 2005ರಿಂದ 2011ರವರೆಗೆ ಆ ಗೇಟಿನ ಈಚೆಗೆ ಎಂಡೋಸಲ್ಫಾನ್ ನಿಷಿದ್ಧ, ಆಚೆಗೆ ಕಾನೂನುಬದ್ಧ. ಗೇಟಿನ ಎರಡೂ ಬದಿಯಲ್ಲಿ ಒಂದೇ ಕುಟುಂಬದ ತೋಟಗಳಿವೆ ಸ್ವಾಮಿ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಇದನ್ನು ಜಗತ್ತಿನಿಂದಲೇ ತೊಲಗಿಸುವ ಪಟ್ಟಿಗೆ ಸೇರಿಸಿದವು. ಆ ಪಟ್ಟಿಗೆ ಹೋಗದಂತೆ ಕೊನೆಯವರೆಗೂ ವಾದಿಸಿದ್ದು ನಮ್ಮದೇ ದೇಶ. ಮೇ 13ರಂದು ಸುಪ್ರೀಂ ಕೋರ್ಟು ಇಡೀ ಭಾರತದಲ್ಲಿ ನಿಲ್ಲಿಸಿತು. ತಜ್ಞರ ಸಮಿತಿಗಳು ಮುಗಿಸದ ಮಾತನ್ನು ನ್ಯಾಯಾಲಯ ಮುಗಿಸಬೇಕಾಯಿತು.

ಇಷ್ಟು ಓದಿ, ಇವರಿಗೆ ತಜ್ಞರೆಂದರೆ ಅಲರ್ಜಿ ಎಂದು ತಿಳಿಯಬೇಡಿ. ಅಡಿಕೆ ಬೆಳೆಯುವವನಿಗೆ ತಜ್ಞರ ಋಣ ತೀರುವಂಥದ್ದಲ್ಲ. ಮಳೆಗಾಲದಲ್ಲಿ ಮಹಾಳಿ ರೋಗ ಬಂದು ಎಳೆ ಅಡಿಕೆ ಉದುರುವಾಗ ಬೋರ್ಡೋ ದ್ರಾವಣ ಬಿಡುತ್ತೇವಲ್ಲ, ಅದನ್ನು ಅಡಿಕೆಗೆ ಹೊಂದಿಸಿ ತೋರಿಸಿದ್ದು ನೂರು ವರ್ಷಕ್ಕೂ ಹಿಂದೆ ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಈ ಲೆಕ್ಕ ಗೊತ್ತಿಲ್ಲದ ಕೃಷಿಕ ಇಲ್ಲಿಲ್ಲ. ವಿಟ್ಲದ ಸಂಶೋಧನಾ ಕೇಂದ್ರ 1972ರಲ್ಲಿ ಬಿಟ್ಟ ಮಂಗಳ ತಳಿ ಎಷ್ಟೋ ತೋಟಗಳಲ್ಲಿ ಇನ್ನೂ ಫಲ ಕೊಡುತ್ತಿದೆ. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ನಮ್ಮ ಹೆಮ್ಮೆ, 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಜಾಗ ಅದು. ಅಲ್ಲಿಂದ ಬಂದ ಸಲಹೆಯನ್ನು ಕೃಷಿಕ ತನ್ನ ಮರದಲ್ಲಿ ಮಾಡಿ ನೋಡುತ್ತಾನೆ, ಆಗದಿದ್ದರೆ ಮರುವರ್ಷ ಹೋಗಿ ಕೇಳುತ್ತಾನೆ, ಹೇಳಿದವರು ಉತ್ತರ ಕೊಡುತ್ತಾರೆ. ಸರಕಾರ ನಮ್ಮ ಹೆಸರಿನಲ್ಲಿ ತಜ್ಞರನ್ನು ಕೇಳಿದಾಗ ಮಾತ್ರ ಆ ಕೊನೆಯ ಎರಡು ಮೆಟ್ಟಿಲುಗಳು ಮಾಯ.

ಹಳೆಯ ಕಥೆ ಎನ್ನುತ್ತೀರಾದರೆ ಇತ್ತೀಚಿನದಕ್ಕೆ ಬರುತ್ತೇನೆ. 2017ರ ವೈದ್ಯಕೀಯ ಶಿಬಿರದಲ್ಲಿ ಡಾಕ್ಟರುಗಳು ನೋಡಿ ಎಂಡೋಸಲ್ಫಾನ್ ಬಾಧಿತರೆಂದು ಆರಿಸಿದವರು 1,905 ಮಂದಿ. ಪಟ್ಟಿ ಹೊರಬರುವಾಗ ಉಳಿದದ್ದು 287. ಗಲಾಟೆಯಾಯಿತು, 76 ಸೇರಿತು. ಮತ್ತೆ ಗಲಾಟೆ, 511 ಸೇರಿತು. ಹೊರಗುಳಿದ 1,031 ಮಂದಿ ವರ್ಷಗಟ್ಟಲೆ ಕಾದರು. ಇಲ್ಲಿ ತಜ್ಞರು ಯಾರು? ಶಿಬಿರದಲ್ಲಿ ಮಗುವನ್ನು ಮುಟ್ಟಿ ನೋಡಿದವರೋ, ಆಮೇಲೆ ಕಚೇರಿಯಲ್ಲಿ ಹೆಸರು ಹೊಡೆದವರೋ? ವೈದ್ಯಕೀಯ ಕಾರಣಕ್ಕೆ 1,618 ಹೆಸರುಗಳು ಬಿದ್ದಿದ್ದರೆ, ಧರಣಿ ಕೂತ ಮೇಲೆ ಅದೇ ಕಾಯಿಲೆ ವಾಪಸು ಬಂದದ್ದು ಹೇಗೆ? ಒಬ್ಬೊಬ್ಬರ ಮನೆಗೂ ‘ನಿಮ್ಮ ಮಗುವಿನ ಹೆಸರು ಈ ಕಾರಣಕ್ಕೆ ಸೇರಿಲ್ಲ’ ಎಂದು ನಾಲ್ಕು ಸಾಲು ಹೋಗಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು, ಉಳಿದರ್ಧಕ್ಕೆ ಮೇಲ್ಮನವಿ ಬರೆಯಲು ಒಂದು ಆಧಾರ ಸಿಗುತ್ತಿತ್ತು.

ಆಮೇಲೆ ಸರಕಾರದ ಆದೇಶದಲ್ಲಿ ಬಂದ ಗಡಿ ದಿನಾಂಕ. 2011ರ ಅಕ್ಟೋಬರ್ 25ರ ನಂತರ ಹುಟ್ಟಿದವರು ಪಟ್ಟಿಗೆ ಸಲ್ಲುವುದಿಲ್ಲ, ಯಾಕೆಂದರೆ 2005ರಲ್ಲಿ ನಿಷೇಧವಾಗಿ ಆರು ವರ್ಷದ ಮೇಲೆ ಮದ್ದಿನ ಪರಿಣಾಮ ಇರುವುದಿಲ್ಲ ಎಂಬ ಲೆಕ್ಕ. ಆ ಆದೇಶದ ಗತಿ ಏನೇ ಆಗಲಿ, ಆರು ಎಂಬ ಅಂಕಿ ಎಲ್ಲಿಂದ ಬಂತು? ಐದು ಯಾಕಲ್ಲ, ಹತ್ತು ಯಾಕಲ್ಲ? ಯಾವ ಅಧ್ಯಯನ, ಯಾವ ಮಣ್ಣಿನಲ್ಲಿ ಮಾಡಿದ್ದು? ಹೇಳಿದ ತಜ್ಞರು ಆರು ವರ್ಷ ಎಂದೇ ಹೇಳಿದ್ದರೋ, ಅಥವಾ ಹಿಂದೆ ಮುಂದೆ ನಾಲ್ಕು ಎಚ್ಚರಿಕೆ ಸೇರಿಸಿ ಹೇಳಿದ್ದನ್ನು ಕಡತದವರು ಒಂದು ತಾರೀಖಿಗೆ ಇಳಿಸಿದರೋ? ತಾಯಿಯೊಬ್ಬಳಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಅವಳ ಮಗು ಅಕ್ಟೋಬರ್ 26ಕ್ಕೆ ಹುಟ್ಟಿರಬಹುದು.

ಪರಿಹಾರದ ಹಣದ ಮಾತು ಬೇಡವೆಂದಿದ್ದೆ, ಒಂದೇ ಸಾಲು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ತಲಾ ಐದು ಲಕ್ಷ ಕೊಡಿ ಎಂದಿತ್ತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ 3,704 ಮಂದಿ ಬಾಧಿತರಲ್ಲಿ ಸಿಕ್ಕಿದ್ದು ಎಂಟು ಮಂದಿಗೆ, ಕೋರ್ಟಿಗೆ ಹೋದ ಎಂಟು ಮಂದಿಗೆ.

ಈಗ ನಾನು ಬೇಡುವುದೇನು? ಹೊಸ ಕಾನೂನು ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನನ್ನು ಇನ್ನೊಮ್ಮೆ ಓದಿ. ಅರ್ಜಿ ಹಾಕಿದ ಮೇಲೆ ಮಾಹಿತಿ ಕೊಡುವುದು ಎಲ್ಲರಿಗೂ ಗೊತ್ತು. ಈ ಸೆಕ್ಷನ್ ಅರ್ಜಿ ಇಲ್ಲದೆಯೇ ಕೊಡಬೇಕಾದ್ದರ ಬಗ್ಗೆ. ಜನರನ್ನು ತಟ್ಟುವ ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕು. ತೀರ್ಮಾನದ ಕಾರಣಗಳನ್ನು ಅದರಿಂದ ಬಾಧಿತರಾದವರಿಗೆ ತಿಳಿಸಬೇಕು. ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಹಂಚಬೇಕು. ಇಪ್ಪತ್ತು ವರ್ಷ ದಾಟಿದ ಕಾನೂನು ಇದು. ಪಾಲಿಸಿದರೆ ನನ್ನ ಪತ್ರದ ಮುಕ್ಕಾಲು ಭಾಗಕ್ಕೆ ಕೆಲಸವಿಲ್ಲ.

ಬಿಡಿಸಿ ಹೇಳುವುದಾದರೆ, ಸಮಿತಿ ಕೂರುವ ಮೊದಲೇ ಅದಕ್ಕೆ ಕೇಳಿದ ಪ್ರಶ್ನೆ ಏನು, ಸದಸ್ಯರು ಯಾರು, ಅವರಿಗೆ ಯಾವ ಇಲಾಖೆಯ, ಯಾವ ಉದ್ಯಮದ ನಂಟಿದೆ ಎಂದು ಹೊರಗೆ ಹಾಕಿ. ಪ್ರಶ್ನೆಯಲ್ಲೇ ಅರ್ಧ ಉತ್ತರ ಇರುತ್ತದೆ: ‘ಈ ಮದ್ದಿನ ನೋಂದಣಿ ಮುಂದುವರಿಸಬಹುದೇ’ ಎಂದು ಕೇಳಿದರೆ ಬರುವ ವರದಿ ಬೇರೆ, ‘ಸುರಂಗದ ನೀರು ಕುಡಿಯುವ ಊರಿನ ಮೇಲೆ ಇದನ್ನು ಬಿಡಬಹುದೇ’ ಎಂದು ಕೇಳಿದರೆ ಬರುವುದು ಬೇರೆ. ತೀರ್ಮಾನವಾದ ದಿನ ಎರಡು ಪುಟದ ಟಿಪ್ಪಣಿ ಬರೆಯಿಸಿ. ಯಾವ ಸಲಹೆ ಒಪ್ಪಿದ್ದು, ಯಾವುದು ಒಪ್ಪದ್ದು, ಯಾಕೆ, ಯಾರು ತೀರ್ಮಾನಿಸಿದ್ದು, ಮತ್ತೆ ಯಾವಾಗ ಪರಿಶೀಲನೆ. ದುಡ್ಡಿಲ್ಲದ್ದರಿಂದ ಒಪ್ಪಲಿಲ್ಲ ಎಂದಿದ್ದರೆ ಹಾಗೆಯೇ ಬರೆಯಿರಿ, ನಾವು ಓದಿ ಅರ್ಥ ಮಾಡಿಕೊಳ್ಳುತ್ತೇವೆ. ತಜ್ಞರು ಹೇಳಿದ್ದನ್ನೆಲ್ಲ ಸರಕಾರ ಮಾಡಲೇಬೇಕೆಂದು ಯಾರೂ ಹೇಳುವುದಿಲ್ಲ. ತೀರ್ಮಾನ ನಿಮ್ಮದು, ಅದನ್ನು ತಜ್ಞರ ಬೆನ್ನ ಹಿಂದೆ ಬಚ್ಚಿಡಬೇಡಿ.

ಆ ಟಿಪ್ಪಣಿ ಎಣ್ಮಕಜೆ, ಕುಂಬ್ಡಾಜೆ, ಬದಿಯಡ್ಕ, ಬೆಳ್ಳೂರು, ಕಾರಡ್ಕ ಪಂಚಾಯತುಗಳಿಗೆ ಕನ್ನಡದಲ್ಲಿ ಬರಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಇದೂ ನನ್ನ ಕಲ್ಪನೆಯಲ್ಲ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಾಗ, ಇದನ್ನು ಜನರ ಭಾಷೆಯಲ್ಲಿ ಗ್ರಾಮಸಭೆಗಳ ಎದುರು ಇಡಿ ಎಂದೇ ಅವರು ಹೇಳುತ್ತಿದ್ದರು. ಆದದ್ದೇನು? ಇಂಗ್ಲಿಷಿನದ್ದೇ ಹೊರಬರಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ, ಮಾಹಿತಿ ಆಯೋಗ, ದೆಹಲಿ ಹೈಕೋರ್ಟು ಎಲ್ಲ ಸುತ್ತಿ 2012ರ ಮೇ ಆಯಿತು. ವರದಿ ಓದದವರು ಅದರ ಪರವಾಗಿಯೂ ವಿರುದ್ಧವಾಗಿಯೂ ಬೊಬ್ಬೆ ಹೊಡೆದರು. ಅಂದ ಹಾಗೆ ಕಾಸರಗೋಡಿನ ಹಿರಿಯರ ಮುಂದೆ ‘ವರದಿ’ ಎಂದರೆ ಸಾಕು, ರಾಜ್ಯಗಳ ಗಡಿಯ ಬಗ್ಗೆ ಬಂದ 1967ರ ಮಹಾಜನ ವರದಿಯ ಮಾತು ಶುರುವಾಗುತ್ತದೆ. ಅದನ್ನು ಇಲ್ಲಿ ಕೆದಕುವುದಿಲ್ಲ, ಪತ್ರ ಮುಗಿಯಲಿಕ್ಕಿಲ್ಲ.

ಇನ್ನೂ ಕಾಲ ಮಿಂಚಿಲ್ಲದ ವಿಷಯಗಳಿವೆ. ರಾಷ್ಟ್ರೀಯ ಹೆದ್ದಾರಿ 66ಕ್ಕಾಗಿ ಕಡಿದ ಗುಡ್ಡೆಗಳು 2025ರ ಮಳೆಗಾಲದಲ್ಲಿ ಚೆರ್ವತ್ತೂರಿನ ವೀರಮಲೆಯಂಥ ಕಡೆ ಜರಿದವು. ಮುರಕಲ್ಲಿನ ಅಡಿಯಲ್ಲಿ ಮೆತ್ತನೆಯ ಜೇಡಿ ಇರುವ ಗುಡ್ಡೆಯನ್ನು ನೇರ ಗೋಡೆಯಂತೆ ಕಡಿಯಬಹುದೇ ಎಂದು ಯಾರನ್ನು ಕೇಳಿದ್ದರು, ಅವರು ಏನು ಹೇಳಿದ್ದರು? ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಎಂಡೋಸಲ್ಫಾನ್ ಬಿದ್ದ ಊರುಗಳ ನಡುವೆಯೇ ಇದೆ. ಅಲ್ಲಿ ಮದ್ದು ಬಿದ್ದ ಹನ್ನೊಂದು ಪಂಚಾಯತುಗಳ ಹುಟ್ಟು, ಗರ್ಭಪಾತ, ಊನ, ಕ್ಯಾನ್ಸರುಗಳ ಒಂದು ಖಾಯಂ ದಾಖಲೆ ಶುರುಮಾಡಿಸಿ, ಮುಂದಿನ ಸಮಿತಿಗೆ ಲೆಕ್ಕ ಇರಲಿಲ್ಲ ಎಂಬ ನೆಪ ಇಲ್ಲದಂತೆ ಮಾಡಿ.

ಅದಕ್ಕೂ ಮೊದಲು, ಒಂದು ತಿಂಗಳಲ್ಲಿ ಆಗಬಹುದಾದ ಕೆಲಸ ಇದೆ. ಅಹಮದಾಬಾದಿನವರ ಆ ವರದಿಯನ್ನು ಕನ್ನಡಕ್ಕೆ ಮಾಡಿಸಿ. ಅಂದು ರಕ್ತ ಕೊಟ್ಟ ಹುಡುಗರಲ್ಲಿ ಅತಿ ಚಿಕ್ಕವರಿಗೂ ಈಗ ಮೂವತ್ತು ದಾಟಿದೆ. ಅದನ್ನು ಕನ್ನಡದಲ್ಲಿ ಓದಿದವರನ್ನು ನಾನು ಕಂಡಿಲ್ಲ. ಪೆರ್ಲದ ಪಂಚಾಯತು ಕಚೇರಿಯಲ್ಲಿ ಪ್ರತಿಗಳನ್ನು ಇಡಿಸಿ. ಜೊತೆಗೆ ಕೇರಳ ಸರಕಾರ ಆ ವರದಿಯನ್ನು ಒಪ್ಪುತ್ತದೆಯೋ ಇಲ್ಲವೋ, ಇಲ್ಲವಾದರೆ ಯಾವ ಪುಟದ ಯಾವ ಮಾತನ್ನು, ಎಂದು ನಿಮ್ಮ ಸಹಿ ಇರುವ ಒಂದು ಹಾಳೆಯನ್ನೂ ಲಗತ್ತಿಸಿ.

ಇತಿ,
ಎಣ್ಮಕಜೆ ಪಂಚಾಯತಿನ ಒಬ್ಬ ಅಡಿಕೆ ಕೃಷಿಕ